ಈರಮ್ಮ ಅಕ್ಕೋರ ಜೋಳದ ಹೊಲ

ಈರಮ್ಮ ಅಕ್ಕೋರು ಮಕ್ಕಳ ಮುಂದೆ ನಡೆದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಹೊಲದ ಬದುವಿನ ಮೇಲೆ ಮೂರು, ನಾಲ್ಕು ವರ್ಷದ ಮಕ್ಕಳು ಒಬ್ಬರ ಹಿಂದೊಬ್ಬರು ಹೋಗುತ್ತಿದ್ದರೆ, ಕೊನೆಯ ಕೂಸಿನ ಹಿಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರು. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದರೆ ಎಲ್ಲರಿಗಿಂತ ಮುಂದಿದ್ದ ಮಗುವಿನ ಕಡೆ ಕೈ ತೋರಿಸುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ರಾಯಚೂರಿನಿಂದ ಬಸ್ಸು ಹಿಡಿದು ದೇವದುರ್ಗ ತಾಲ್ಲೂಕಿನ ಬಾಲವಾಡಿಗಳನ್ನು ನೋಡಿಬರುವುದು ನನ್ನ ಕೆಲಸವಾಗಿತ್ತು. ಗೂಗಲ್ ಎಂಬ ಹಳ್ಳಿಯ ದಾರಿಯಲ್ಲಿದ್ದ ಒಂದು ಊರಿನಿಂದ ದೂರು ಬಂದಿತ್ತು. ಅಲ್ಲಿನ ಬಾಲವಾಡಿಯ ಶಿಕ್ಷಕಿ ಈರಮ್ಮ ಅಕ್ಕೋರು ಅಕ್ಷರ ಕಲಿಸುವುದು ಬಿಟ್ಟು ತಮ್ಮ ಮೈದುನನ ಹೊಲದಲ್ಲಿ ಮಕ್ಕಳಿಂದ ಕಳೆಕಸ ತೆಗೆಸುತ್ತಾರಂತೆ. ಹೋಗಿ ನೋಡಿದರೆ ಕೋಣೆ ಖಾಲಿ. ಮಕ್ಕಳು ಜೋಳದ ಎಳೆ ಪೈರಿನ ನಡುವೆ ಕುಕ್ಕರಗಾಲಲ್ಲಿ ಕೂತಿದ್ದರು. ಹೊಲ ಮೈದುನನದೇ, ನಿಜ. ಆದರೆ ಕಸ ತೆಗೆಯುವ ಲಕ್ಷಣ ಯಾರಲ್ಲೂ ಕಾಣಲಿಲ್ಲ. ಒಂದು ಹುಡುಗಿ ಯಾವುದೋ ಗಿಡ ತೋರಿಸಿ ಇದೇನೆಂದು ಕೇಳಿದಳು.

“ನನಗೇನ್ ಗೊತ್ತವ್ವ, ಅದನ್ನ ಕೇಳು,” ಎಂದರು ಅಕ್ಕೋರು.

ಹುಡುಗಿ ಗಿಡದ ಬುಡಕ್ಕೆ ಮೂಗು ಹಚ್ಚಿ ಬಹಳ ಹೊತ್ತು ಕೂತಳು. ಇದು ಪಾಠವೋ, ಪಾಠ ತಪ್ಪಿಸಿಕೊಳ್ಳುವ ಉಪಾಯವೋ ನನಗೆ ತಲೆಬುಡ ತಿಳಿಯಲಿಲ್ಲ.

ಸುಮ್ಮನೆ ನಿಲ್ಲಲಾರದೆ ನಾನೂ ಕೂತು ಒಂದಿಷ್ಟು ಹುಲ್ಲು ಕಿತ್ತೆ. ಮಕ್ಕಳೆಲ್ಲ ನನ್ನ ಕೈಯನ್ನೇ ನೋಡಿದರು. ಆ ಹುಡುಗಿ ಅಳತೊಡಗಿದಳು. ನಾನು ಕಿತ್ತದ್ದು ಹುಲ್ಲಲ್ಲ, ಜೋಳದ ಸಸಿ.

“ಅಳಬ್ಯಾಡವ್ವ. ಬಾಯಾರು ಇವತ್ತ ಸಾಲಿಗಿ ಬಂದಾರ. ನಾಕು ದಿನ ಬಂದ್ರ ಕಲೀತಾರ,” ಎಂದು ಅಕ್ಕೋರು ನನ್ನತ್ತ ಕೈ ತೋರಿಸಿ ಅವಳನ್ನು ಸಮಾಧಾನ ಮಾಡಿದರು. ನನಗೆ ನಗುವೂ ಬಂತು, ಸಿಟ್ಟೂ ಬಂತು.

ವರದಿಯಲ್ಲಿ ‘ಏನು ಕಲಿಸಲಾಗುತ್ತಿದೆ’ ಎಂಬ ಪ್ರಶ್ನೆಯ ಎದುರು ಪೆನ್ನು ನಿಂತಿತು. ಅವರನ್ನೇ ಕೇಳಿದೆ.

“ಖರೇ ಅಂದ್ರ ನನಗೂ ಗೊತ್ತಿಲ್ರಿ ಬಾಯಾರ. ಕಲಸಾಕತ್ತೀನೋ, ಸುಮ್ನ ತಿರುಗಾಡಸಾಕತ್ತೀನೋ, ನೋಡಿದವ್ರು ನೀವು, ನೀವೇ ಬರೀರಿ. ನೌಕರಿ ಒಂದು ಉಳೀಲಿ.”

ಯಾರ ಪರವೂ ಬೇಡವೆಂದು ಕಂಡದ್ದನ್ನಷ್ಟೇ ಬರೆದೆ: ಕೋಣೆ ಖಾಲಿ ಇತ್ತು, ಮಕ್ಕಳು ಹೊಲದಲ್ಲಿದ್ದರು. ಅಷ್ಟು ಸಾಕಾಯಿತು. ಮರುತಿಂಗಳೇ ಅವರನ್ನು ತೆಗೆದುಹಾಕಿದರು. ನಾನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಅದು ನಿಜವೆಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ.

ಎರಡು ವರ್ಷದ ಮೇಲೆ ಅದೇ ಊರಿಗೆ ಹೋದೆ. ಬಾಲವಾಡಿಯ ಕೋಣೆಯೊಳಗಿಂದ ಮಕ್ಕಳು ಅ ಆ ಇ ಈ ಎಂದು ಕೂಗುವುದು ಕೇಳುತ್ತಿತ್ತು. ಈರಮ್ಮ ಅಕ್ಕೋರು ಕೂಲಿ ಹೆಂಗಸರ ಜೊತೆ ಜೋಳದ ಹೊಲದಲ್ಲಿ ಕಸ ತೆಗೆಯುತ್ತಿದ್ದರು. ನನ್ನಿಂದ ತಪ್ಪಾಯಿತು ಎಂದು ಹೇಳಲು ಬದು ದಾಟಿ ಹತ್ತಿರ ಹೋದೆ. ಅವರು ಬರ್ರಿ ಎಂದರು, ಪಕ್ಕದಲ್ಲಿ ಕೂತೆ. ಕೀಳಲು ಚಾಚಿದ ಕೈ ಅರ್ಧಕ್ಕೇ ನಿಂತಿತು. ಎರಡು ಎಳೆ ಹಸಿರು, ಒಂದರ ಮಗ್ಗುಲಿಗೆ ಒಂದು. ಇದರಲ್ಲಿ ಕಸ ಯಾವುದು ಎಂದು ಕೇಳಿದೆ.

“ಅದನ್ನ ಕೇಳ್ರಿ,” ಎಂದರು.

ಉಳಿದ ಹೆಂಗಸರು ಮುಂದೆ ಮುಂದೆ ಸರಿದು ಹೋದರು. ಅಕ್ಕೋರು ಮಾತ್ರ ಪಕ್ಕದಿಂದ ಸರಿದು ನನ್ನ ಹಿಂದೆ ಕೂತರು.