ಬಿಡ್ತು ಅನ್ನಿಸದ ಡಾಕ್ಟರಮ್ಮ

ನಮ್ಮ ಮನೆಯ ಹೊರಗಿನ ಕೋಲಿಯಲ್ಲಿ ಒಂದು ಕಾಲಕ್ಕೆ ಬಾಡಿಗೆಗೆ ಇದ್ದವಳು ಸೂಜಿ ಹಾಕದ ಡಾಕ್ಟರು. ಸಿಂಧನೂರಿನ ನಮ್ಮ ಓಣಿಯವರಿಗೆ ಇದು ತಿಳಿಯಲು ಒಂದು ವಾರ ಹಿಡಿಯಿತು. ಡಾಕ್ಟರು ಬಂದಾಳೆಂದು ಕೇಳಿ ಕೆಮ್ಮು, ಮೊಣಕಾಲು, ಕೂಸಿನ ಭೇದಿ ಎಲ್ಲ ಹೊತ್ತುಕೊಂಡು ಬಂದರು. ಆಕೆ ಎಲ್ಲರನ್ನೂ ಕೂಡಿಸಿ, "ನಾನು ಆ ಡಾಕ್ಟರಲ್ಲ, ಓದಿನ ಡಾಕ್ಟರು" ಎಂದಳು. ಎದುರುಮನೆಯ ಮುದುಕಿ ಮೊಣಕಾಲ ಮೇಲೆ ಎತ್ತಿದ್ದ ಸೀರೆ ಇಳಿಸಿಕೊಂಡು, "ಹಂಗಾರ ಬಾಗಲಿಗೆ ಒಂದು ಬೋರ್ಡ್ ಬರಸವ್ವ, ಇಲ್ಲಿ ಬರೇ ಮಾತು ಸಿಗ್ತಾವ ಅಂತ" ಎಂದು ಎದ್ದು ಹೋದಳು.

ತೊಂಬತ್ತರ ದಶಕದ ಶುರುವಿನ ಮಾತು ಇದು. ಆಗ ನನ್ನ ಮೊಮ್ಮಗಳು ಕಾಲೇಜಿಗೆಂದು ನನ್ನ ಹತ್ತಿರ ಇದ್ದಳು. ಆ ಹುಡುಗಿ ಇವತ್ತು ಬದುಕಿ ಗಂಡ ಮಕ್ಕಳೊಂದಿಗೆ ಜಗಳಾಡಿಕೊಂಡು ಇದ್ದಾಳೆಂದರೆ ಅದು ಈ ಮಾತಿನ ಡಾಕ್ಟರಮ್ಮನಿಂದ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಸಾಲಿ ಓದಿದ್ದು ಮೂರನೇತ್ತದ ತನಕ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ನಡೆದದ್ದನ್ನು ಮಾತ್ರ ತಿದ್ದಬೇಡಿ.

ಆಕೆ ಮೈಸೂರು ಕಡೆಯವಳು. ಹರೆಯದ ಹುಡುಗ ಹುಡುಗಿಯರು ತಮ್ಮ ಜೀವ ತಾವೇ ಯಾಕೆ ತೆಗೆದುಕೊಳ್ಳುತ್ತಾರೆ, ತಡೆಯುವುದು ಹೇಗೆ ಎಂದು ತಿಳಿಯಲು ನಮ್ಮ ಕಡೆ ಬಂದಿದ್ದಳು. ಇಲ್ಲಿಗೇ ಯಾಕೆ ಬಂದಳೆಂದರೆ, ಕಾಲುವೆ ನೀರು ಬಂದ ಮೇಲೆ ಭತ್ತ ಬಂತು, ಭತ್ತದ ಬೆನ್ನಿಗೆ ಹುಳಕ್ಕೆ ಹೊಡೆಯುವ ಔಷಧ ಬಂತು, ಆ ಡಬ್ಬಿ ಮನೆಮನೆಯ ಮೂಲೆಯಲ್ಲಿ ಬಂದು ಕೂತಿತು. ಡಾಕ್ಟರ್ ಪದವಿ ಆಗಲೇ ಆಗಿತ್ತು. ಆದರೂ ದೂರದ ಊರಿನ ಒಬ್ಬ ದೊಡ್ಡ ಸರ್ ಕೈಕೆಳಗೆ ಇನ್ನೂ ಕಲಿಯುತ್ತಿದ್ದಳು.

"ಓದು ಮುಗಿಸಿ ಡಾಕ್ಟರ್ ಆಗೀಯಲ್ಲ, ಮತ್ತಿನ್ನೇನು ಕಲಿಯಾಕ ಬಂದೀ?" ಎಂದು ಕೇಳಿದೆ.

"ಓದಿದ್ದನ್ನ ಮನುಷ್ಯರ ಮುಂದೆ ಕೂತು ಮಾಡೋಕೆ ಬರಲ್ಲ ಅಮ್ಮಾ. ಅದನ್ನ ಕಲೀತಿದೀನಿ."

"ಅಂದ್ರ ಲೈಸೆನ್ಸ್ ತಗೊಂಡಾದ ಮ್ಯಾಲೆ ಬಸ್ ಹೊಡಿಯೋದು ಕಲಿಯಾಕತ್ತೀ."

"ಹೂಂ ಅಮ್ಮಾ. ಅದೂ ಪ್ಯಾಸೆಂಜರ್‌ನ ಕೂರಿಸ್ಕೊಂಡೇ" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅದಕ್ಕೇ ಭಯ" ಎಂದಳು. ಭಯ ಇದೆ ಎಂದು ಒಪ್ಪಿಕೊಳ್ಳುವ ಓದಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಬೆಳಗ್ಗೆ ರೊಟ್ಟಿ ಕಟ್ಟಿಕೊಂಡು ಬಸ್ಸಿಗೆ ಹೋಗುವಳು. ಒಂದು ದಿನ ಮಸ್ಕಿ, ಒಂದು ದಿನ ಲಿಂಗಸುಗೂರು, ಇನ್ನೊಂದು ದಿನ ತುರ್ವಿಹಾಳ. ಮಕ್ಕಳನ್ನು ಕಳಕೊಂಡ ಮನೆಗಳಿಗೆ ಹೋಗುವುದು ಅವಳ ಕೆಲಸ. ಪೊಲೀಸರ ಕಡೆಯವಳೆಂದು ಕೆಲವರು ಬಾಗಿಲು ಹಾಕಿಕೊಂಡರು. ಆಕೆ ಬಾಗಿಲು ಬಡಿಯಲಿಲ್ಲ, ಮತ್ತೆ ಇನ್ನೊಂದು ದಿನ ಹೋದಳು. ಮೊದಲ ಸಲ ಹೋದ ಮನೆಯಲ್ಲಿ ಕಾಗದ, ಪೆನ್ನು ಚೀಲದಿಂದ ತೆಗೆಯುತ್ತಿರಲಿಲ್ಲ. ಅವರು ನಾಟಿಗೆ ಹೊರಟಿದ್ದರೆ ತಾನೂ ಕೆಸರಿಗೆ ಇಳಿಯುತ್ತಿದ್ದಳು. ನೆಟ್ಟದ್ದು ಮಾತ್ರ ನೆಟ್ಟಗೆ ನಿಲ್ಲುತ್ತಿರಲಿಲ್ಲವಂತೆ, ಹಿಂದೆ ಬಂದ ಆಳುಗಳು ನಕ್ಕೊಂತ ಮತ್ತೆ ನೆಡುತ್ತಿದ್ದರಂತೆ. ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಲ್ಲಿ ಮಗನನ್ನು ಕಳಕೊಂಡ ಒಬ್ಬ ತಾಯಿಗೆ ಬಂಗಾಲಿ ಬಿಟ್ಟು ಬೇರೆ ಮಾತು ಬಾರದು, ಇವಳಿಗೆ ಬಂಗಾಲಿ ಬಾರದು. ದಿನವಿಡೀ ಆ ತಾಯಿ ಅತ್ತಳು, ಈಕೆ ಬಗಲಲ್ಲಿ ಕೂತಳು. "ಬಸ್ ಚಾರ್ಜ್ ದಂಡ" ಎಂದೆ ನಾನು. ಮುಂದಿನ ಸಂತೆಯ ದಿನ ಆ ತಾಯಿ ನಮ್ಮ ಮನೆ ಹುಡುಕಿಕೊಂಡು ಬಂದು, ಒಂದು ಕುಂಬಳಕಾಯಿ ಕಟ್ಟೆಯ ಮೇಲಿಟ್ಟು, ಡಾಕ್ಟರಮ್ಮನ ಕೈ ಹಿಡಿದು ಹೋದಳು. ನಾನು ಕುಂಬಳಕಾಯಿ ಹೆಚ್ಚಿದೆ. ದಂಡದ ಮಾತು ಮತ್ತೆ ಎತ್ತಲಿಲ್ಲ.

ಶನಿವಾರಕ್ಕೊಮ್ಮೆ ಎಸ್‌ಟಿಡಿ ಬೂತಿಗೆ ಹೋಗಿ ಸರ್ ಜೊತೆ ಮಾತಾಡುವಳು. ಒಂದು ಸಲ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. "ಬೈಸ್ಕೊಂಡೆ ಅಮ್ಮಾ. ನಾನು ಮಾತಾಡಿಸಿದ ಒಬ್ಬ ಹುಡುಗನ ಬಾಯಲ್ಲಿ ಬರಬೇಕಾದ ಉತ್ತರ ನಾನೇ ಹೇಳ್ಕೊಟ್ಟೆನಂತೆ." ಬೈಸಿಕೊಂಡದ್ದನ್ನು ಹೀಗೆ ಮನೆಗೆ ತಂದು ಹೇಳಿ, ಮುಖ ತೊಳೆದು, ಮರುದಿನ ಮತ್ತೆ ಅದನ್ನೇ ಕಲಿಯಲು ಕೂಡುವುದು ಸಣ್ಣ ಮಾತಲ್ಲ. ನಮ್ಮ ಮನೆ ಗಂಡಸರಿಗೆ ಆಗಿದ್ದರೆ ಎರಡು ದಿನ ಊಟ ಬಿಡುತ್ತಿದ್ದರು.

ಕಲಿಯುವುದಕ್ಕೆ ನನ್ನನ್ನೂ ಹಿಡಿದಳು. ಕಟ್ಟೆಯ ಮೇಲೆ ಕೂಡಿಸಿ, "ಅಮ್ಮಾ, ನೀವು ಪರೀಕ್ಷೆ ಫೇಲಾದ ಹುಡುಗ ಆಗಿ, ನಾನು ಮಾತಾಡಿಸ್ತೀನಿ" ಎಂದಳು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಲ್ಲಿ ಬೀಡಿ ಇದ್ದಂತೆ ಮಾಡಿ ಕೂತೆ. ಒಳಗಿನಿಂದ ಮೊಮ್ಮಗಳು ಬಾಗಿಲ ಸಂದಿಯಲ್ಲಿ ನಿಂತು ನೋಡಿದಳು. ಆಮೇಲೆ ಡಾಕ್ಟರಮ್ಮ, "ಈಗ ನಾನು ಹುಡುಗಿ, ನೀವು ಅಜ್ಜಿ" ಎಂದು ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ, "ಅಜ್ಜೀ, ನಾನು ಸತ್ತು ಹೋಗ್ತೀನಿ" ಎಂದಳು.

"ಬಿಡ್ತು ಅನ್ನು!" ಎಂದೆ. ನನ್ನ ಬಾಯಿಂದ ತಾನೇ ಬಂತು. ನಮ್ಮಲ್ಲಿ ಯಾರ ಬಾಯಲ್ಲಿ ಸಾವಿನ ಮಾತು ಬಂದರೂ ಹಿರಿಯರು ಮೊದಲು ಮಾಡುವುದು ಇದನ್ನೇ. ಆಡಿದ್ದು ನಿಜವಾಗದಿರಲಿ ಎಂದು ಬಿಡ್ತು ಅನ್ನಿಸುವುದು.

"ಬಿಡ್ತು" ಎಂದಳು ಅವಳು. ಆಮೇಲೆ ಸುಮ್ಮನೆ ಕೂತಳು. ನಾನೂ ಸುಮ್ಮನೆ ಕೂತೆ.

"ನೋಡಿ ಅಮ್ಮಾ, ಮಾತು ಮುಗೀತು. ಇನ್ನು ನಾನು ಏನು ಹೇಳಲಿ?" ಎಂದಳು. "ನಾನು ಹೋದ ಎಷ್ಟೋ ಮನೆಯಲ್ಲಿ ಮಕ್ಕಳು ಒಂದಲ್ಲ ಒಂದು ದಿನ ಬಾಯಿ ಬಿಟ್ಟಿದ್ರು. ದೊಡ್ಡವರು ಪ್ರೀತಿಯಿಂದಲೇ ಬಿಡ್ತು ಅನ್ನಿಸಿದ್ರು. ಮಕ್ಕಳು ಅಂದ್ರು. ಆಮೇಲೆ ಮತ್ತೆ ಹೇಳಲಿಲ್ಲ."

"ಮತ್ತೇನು ಅನಬೇಕು? ಹೋಗಿ ಸಾಯಿ ಅನಬೇಕೇನು?"

"ಕೇಳಬೇಕು. ನೇರವಾಗಿ. ಸಾಯಬೇಕು ಅನಿಸ್ತಿದೆಯಾ ಅಂತ. ಕೇಳಿದ್ರೆ ಆ ಯೋಚನೆ ಹುಟ್ಟಲ್ಲ ಅಮ್ಮಾ, ಇದ್ರೆ ಹೊರಗೆ ಬರುತ್ತೆ. ಬಂದ ಮೇಲೆ ಒಬ್ಬರನ್ನೇ ಬಿಡಬಾರದು."

ಇಂಥ ಅಪಶಕುನದ ವಿದ್ಯೆ ಯಾವ ಊರಲ್ಲಿ ಕಲಿಸುತ್ತಾರೆ ಎಂದು ಬೈದು ಎದ್ದೆ. ಆದರೆ ಹಿಟ್ಟು ಸೋಸುವಾಗ, ನೀರು ತರುವಾಗ ಆ ಮಾತು ತಲೆಯಲ್ಲೇ ಇತ್ತು.

ಮೊಮ್ಮಗಳ ಸಂಗತಿ ಹೇಳಬೇಕು. ಅವಳ ಅಪ್ಪ ನನಗೆ ಅಳಿಯನೂ ಹೌದು, ಒಡಹುಟ್ಟಿದ ತಮ್ಮನೂ ಹೌದು. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮ ರೂಢಿ. ಮಸ್ಕಿಯಲ್ಲಿ ಅವನದು ಕಿರಾಣಿ ಅಂಗಡಿ. ಮಗಳು ಕನ್ನಡ ಸಾಲಿಯಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದ ದಿನ ಗಿರಾಕಿಗಳಿಗೆಲ್ಲ ಪೇಡೆ ಕೊಟ್ಟು, "ಇಕಿನ್ನ ಡಾಕ್ಟರ್ ಮಾಡ್ತೀನಿ" ಎಂದು ಸಾರಿದ್ದ. ತಂದು ಸಿಂಧನೂರಿನ ಕಾಲೇಜಿನಲ್ಲಿ ಸೈನ್ಸಿಗೆ ಹಾಕಿದ. ಅಲ್ಲಿ ಪಾಠವೆಲ್ಲ ಇಂಗ್ಲಿಷು. ಊರಿಗೇ ಜಾಣೆ ಎನಿಸಿಕೊಂಡವಳು ಎದ್ದು ನಿಂತರೆ ಬಾಯಿ ಬಾರದು, ಉಳಿದವರು ನಗುವುದು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟೇ. ತಲೆ ಬಾಚಿಕೊಳ್ಳುವುದು ಬಿಟ್ಟಳು, ತಾಟಿನಲ್ಲಿ ಅನ್ನ ಬಿಟ್ಟಳು. ಡಾಕ್ಟರಮ್ಮ ಅದನ್ನು ನನಗಿಂತ ಮೊದಲು ನೋಡಿ ಹೇಳಿದಾಗ, "ಕಾಲೇಜಿನ ಹುಡುಗೇರು ತೆಳ್ಳಗ ಆಗಾಕ ಊಟ ಬಿಡ್ತಾರ" ಎಂದು ತಳ್ಳಿಹಾಕಿದೆ. ಆಕೆ ತಾನೇ ಮಾತಾಡಿಸಲು ಹೋದರೆ ಹುಡುಗಿ ಜಾರಿಕೊಳ್ಳುತ್ತಿದ್ದಳು. ಜಾರದೆ ಇನ್ನೇನು? ಅಪ್ಪನಿಗೆ ಬೇಕಾದ ಡಾಕ್ಟರು, ಇಂಗ್ಲಿಷು, ದಪ್ಪ ಪುಸ್ತಕ ಎಲ್ಲ ಆ ಹೊರಗಿನ ಕೋಲಿಯಲ್ಲೇ ಇದ್ದವು.

ಒಂದು ದಿನ ಡಾಕ್ಟರಮ್ಮ ಲಿಂಗಸುಗೂರಿಗೆ ಹೋಗಿದ್ದಳು. ಮಧ್ಯಾಹ್ನ ಇಳಿದ ಮೇಲೆ ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಮೊಮ್ಮಗಳು ಬಂದು ಒಲೆಯ ಬಾಜೂ ಕೂತು, ಕಟ್ಟಿಗೆಯ ಸಿಪ್ಪೆ ಕೀಳುತ್ತ, "ಆಯೀ, ನಾ ಇಲ್ಲದಂಗ ಆದ್ರ ಅಪ್ಪಗ ಚಲೋ ಆಗ್ತದ" ಎಂದಳು.

ಬಿಡ್ತು ಅನ್ನು ಎಂಬುದು ಹಲ್ಲಿನ ತನಕ ಬಂದಿತ್ತು. ನುಂಗಿದೆ. ಡಾಕ್ಟರಮ್ಮನ ಮೆತ್ತನೆಯ ಮಾತು ನನಗೆ ಬಾರದು. ಬಂದ ಹಾಗೆ ಕೇಳಿದೆ: "ಸಾಯಬೇಕು ಅನಸಾಕತ್ತೈತೇನು ನಿನಗ?"

ಹುಡುಗಿ ನನ್ನ ಮುಖ ನೋಡಿದಳು. "ಹ್ಞೂಂ" ಎಂದಳು.

ಕೇಳಿಯಾಯಿತು, ಉತ್ತರವೂ ಬಂತು. ಮುಂದಿನದು ನನಗೆ ಗೊತ್ತಿಲ್ಲ! ಒಬ್ಬಳನ್ನೇ ಬಿಡಬಾರದು ಎಂಬುದೊಂದು ನೆನಪಿತ್ತು. "ಹಂಗಾರ ಕೈ ತೊಳಕೊಂಡ ಬಾ, ಇಲ್ಲೇ ನನ್ನ ಕಣ್ಣಮುಂದ ತೊಳಕೋ. ನಾ ಬಡೀತೀನಿ, ನೀ ಬೇಯಿಸು" ಎಂದೆ. ಬೇಯಿಸಿದಳು. ಹಿಟ್ಟು ಮುಗಿಯಿತು, ಮತ್ತೆ ನಾದಿದೆ. ಡಬ್ಬದ ತಳ ಕಂಡ ಮೇಲೆ ಎದುರುಮನೆ ಮುದುಕಿಯನ್ನು ಕೂಗಿ ಹಿಟ್ಟು ಕಡ ತರಿಸಿದೆ. "ಯಾರ ಮದುವಿ ಐತಿ ಬೇ?" ಎಂದಳು ಮುದುಕಿ. "ನಿಂದೇ" ಎಂದೆ. ಹುಡುಗಿಗೆ ನಗು ಬಂತು, ನಗುತ್ತಲೇ ಅಳು ಬಂತು. ರೊಟ್ಟಿ ಹೊತ್ತಿತು. ಹೊತ್ತಲಿ ಎಂದು ಬಿಟ್ಟೆ.

ಹೊತ್ತು ಮುಳುಗುವ ಮುಂಚೆ ಡಾಕ್ಟರಮ್ಮ ಬಸ್ಸಿಳಿದು ಬಂದಳು. ಅಡುಗೆಮನೆ ಬಾಗಿಲಲ್ಲಿ ನಿಂತು ಬುಟ್ಟಿ ಮೀರಿ ಪೇರಿಸಿದ್ದ ರೊಟ್ಟಿ ನೋಡಿದಳು, ನನ್ನನ್ನು ನೋಡಿದಳು. ನಾನು, "ನೀ ಹೇಳಿದಂಗ ಕೇಳೀನಿ, ಹ್ಞೂಂ ಅಂದಾಳ" ಎಂದೆ. ಚೀಲವನ್ನು ಹೊರಗೇ ಇಟ್ಟು, ಚಪ್ಪಲಿ ಬಿಟ್ಟು, ಹುಡುಗಿಯ ಬಾಜೂ ನೆಲಕ್ಕೆ ಕೂತಳು. "ಆಯಿಗೆ ಹೇಳಿದ್ದು ನನಗೂ ಹೇಳ್ತೀಯಾ? ಬೇಡ ಅಂದ್ರೆ ಸುಮ್ನೆ ಕೂತಿರ್ತೀನಿ" ಎಂದಳು.

ಅಷ್ಟು ಹೊತ್ತು ಬಾಯಿ ಮುಚ್ಚಿ ಕೂಡುವ ಓದಿದವರು ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಹುಡುಗಿ ಬಿಟ್ಟು ಬಿಟ್ಟು ಹೇಳಿದಳು. ನಡುವೆ ನಾನು "ಅಷ್ಟಕ್ಕ ಯಾರರೆ..." ಎಂದು ಬಾಯಿ ಹಾಕಿದರೆ ಡಾಕ್ಟರಮ್ಮ ನನ್ನ ಮೊಣಕಾಲ ಮೇಲೆ ಕೈ ಇಟ್ಟಳು, ಅಷ್ಟೇ. ಸಮಾಧಾನದ ಮಾತು ಹೇಳಲಿಲ್ಲ, ಉಪದೇಶ ಮಾಡಲಿಲ್ಲ. ಯಾವಾಗಿನಿಂದ ಅನಿಸುತ್ತಿದೆ, ಯಾವ ಹೊತ್ತಿಗೆ ಹೆಚ್ಚು, ಯಾರ ಜೊತೆ ಇದ್ದರೆ ಕಡಿಮೆ ಎಂದು ಒಂದೊಂದೇ ಕೇಳಿದಳು. ಹುಡುಗಿ ಹೇಳುತ್ತ ಹೇಳುತ್ತ ಒಂದು ರೊಟ್ಟಿ ಮುರಿದು ತಿಂದಳು. ಕಡೆಗೆ ಡಾಕ್ಟರಮ್ಮ ನನ್ನತ್ತ ತಿರುಗಿ, "ಹೊಲದ ಔಷಧ ಎಲ್ಲಿದೆ ಅಮ್ಮಾ?" ಎಂದಳು.

ಹುಡುಗಿ ಓದುವ ಕೋಲಿಯಲ್ಲೇ ಇತ್ತು. ತುಟ್ಟಿ ಮಾಲು, ತೇವ ತಾಗದಿರಲಿ ಎಂದು ಭತ್ತದ ಚೀಲದ ಸಂಗಡ ಅಲ್ಲೇ ಇಡುವುದು ಎಲ್ಲರ ಮನೆಯ ಪದ್ಧತಿ. ಅದೇ ಸಂಜೆ ನಮ್ಮ ಆಳಿನ ಕೈಯಲ್ಲಿ ಗೊರೇಬಾಳದ ಹೊಲದ ಪಂಪಿನ ಮನೆಗೆ ಸಾಗಿಸಿ ಕೀಲಿ ಹಾಕಿಸಿದೆ. ಕೀಲಿಕೈ ನನ್ನ ಸೊಂಟಕ್ಕೆ ಬಂತು.

ಮರುದಿನ ಡಾಕ್ಟರಮ್ಮ, "ನಾನಿನ್ನೂ ಕಲಿಯೋಳು. ನನಗಿಂತ ತಿಳಿದವರಿಗೆ ತೋರಿಸಬೇಕು" ಎಂದು ರಾಯಚೂರಿನ ಮನಸ್ಸಿನ ಡಾಕ್ಟರ ಹತ್ತಿರ ತಾನೇ ಕರಕೊಂಡು ಹೋದಳು. ತನಗೆ ಎಷ್ಟು ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಅವಳಿಗೆ ತಿಳಿದಿತ್ತು. ನಾನು ಅವಳಲ್ಲಿ ಮೆಚ್ಚಿದ್ದರಲ್ಲಿ ಇದೇ ದೊಡ್ಡದು.

ಹುಡುಗಿಯ ಅಪ್ಪ, ನನ್ನ ತಮ್ಮ, ಸುದ್ದಿ ಕೇಳಿ ಮಸ್ಕಿಯಿಂದ ಓಡಿ ಬಂದ. ಬಂದವನೇ, "ಹುಚ್ಚಿನ ಡಾಕ್ಟರ ಕಡಿ ಯಾಕ ಒಯ್ದ್ರಿ? ನಾಳೆ ವರ ಯಾರು ಬರ್ತಾರ? ಊರಿಗೆಲ್ಲ ಹೇಳೀನಿ, ಡಾಕ್ಟರ್ ಮಾಡ್ತೀನಂತ!" ಎಂದು ಎಗರಾಡಿದ.

"ಊರಿಗೆ ಹೇಳೀದಿ, ಮಗಳಿಗೆ ಕೇಳೀದೇನಲೇ? ಹೆಣಕ್ಕ ವರ ಹುಡುಕತಿದ್ದೇನು?" ಎಂದೆ. ಅಕ್ಕನಾಗಿ ಎಂದೆ, ಬರೇ ಅತ್ತೆಯಾಗಿದ್ದರೆ ಆ ಮಾತು ಬರುತ್ತಿರಲಿಲ್ಲ.

ಡಾಕ್ಟರಮ್ಮ ಅವನನ್ನು ಬೈಯಲಿಲ್ಲ. ಚಹಾ ಕೊಟ್ಟು ಎದುರಿಗೆ ಕೂತು, "ನಿಮಗೆ ಎಷ್ಟು ಗಾಬರಿ ಆಗಿದೆ ಅಂತ ಕಾಣ್ತಿದೆ ಅಣ್ಣಾ" ಎಂದಳು. ಅಷ್ಟಕ್ಕೇ ಅವನು ಚಹಾ ಕೆಳಗಿಟ್ಟು, ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ, "ಸೈನ್ಸ್ ಬಿಡಲಿ. ಆರ್ಟ್ಸರೆ ಆಗಲಿ, ಮಣ್ಣರೆ ಆಗಲಿ, ಜೀವಂತ ಇರಲಿ" ಎಂದ. ಒಳಗೆ ಹುಡುಗಿ ಅದನ್ನು ಕೇಳಿದಳು.

ಒಂದೇ ದಿನಕ್ಕೆ ಎಲ್ಲ ನೆಟ್ಟಗಾಯಿತು ಎಂದರೆ ಸುಳ್ಳು. ಗುಳಿಗೆ ನುಂಗಿದಳು, ರಾಯಚೂರಿಗೆ ಹೋಗಿ ಬಂದಳು, ಮುಂದಿನ ವರ್ಷ ಆರ್ಟ್ಸಿಗೆ ಸೇರಿದಳು. ಸಂಜೆ ಡಾಕ್ಟರಮ್ಮನ ಕೋಲಿಗೆ ತಾನಾಗಿಯೇ ಹೋಗಿ ಕೂಡತೊಡಗಿದಳು. ಕೆಲವು ಸಂಜೆ ಮತ್ತೆ ಮುಖ ಬಾಡುತ್ತಿತ್ತು. ಆಗ ನಾನು ಅದೇ ಪ್ರಶ್ನೆ ಕೇಳುತ್ತಿದ್ದೆ. "ಇವತ್ತಿಲ್ಲ ಆಯೀ" ಎನ್ನುತ್ತಿದ್ದಳು. ಇದ್ದರೆ ಇದೆ ಎನ್ನುತ್ತಿದ್ದಳು. ಹಿಟ್ಟಿನ ಖರ್ಚು ಹೆಚ್ಚಾಯಿತು.

ಕೆಲಸ ಮುಗಿಸಿ ಡಾಕ್ಟರಮ್ಮ ಹೊರಟ ದಿನ ಎದುರುಮನೆ ಮುದುಕಿ ಕಟ್ಟೆಯ ಮೇಲೆ ಕೂತು, "ಬರೇ ಮಾತಿನ ಡಾಕ್ಟರು ಹೊಂಟ್ಲು ನೋಡು, ನನ್ನ ಮೊಣಕಾಲು ಮತ್ತ ನೋಯಾಕತ್ತಾವ" ಎಂದು ಮೂಗು ಒರೆಸಿಕೊಂಡಳು. ಆಕೆ ತಾನು ತಿಳಿದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದಳಂತೆ. ನನಗೆ ಓದಲು ಬಾರದು.

ಮೊಮ್ಮಗಳನ್ನು ಲಿಂಗಸುಗೂರಿಗೆ ಕೊಟ್ಟೆವು. ಗಂಡನದು ಗೊಬ್ಬರ, ಔಷಧದ ಅಂಗಡಿ. ರೊಕ್ಕದ ಗಲ್ಲೆಯ ಮೇಲೆ ಅವಳೇ ಕೂಡುತ್ತಾಳೆ. ಹರೆಯದವರು ಒಬ್ಬರೇ ಬಂದು ಔಷಧ ಕೇಳಿದರೆ ಯಾವ ಬೆಳೆ, ಯಾವ ಹುಳ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುತ್ತಾಳೆ. ಉತ್ತರ ತೊದಲಿದರೆ ಮಾಲು ಕೊಡುವುದಿಲ್ಲ, ಕೂಡಿಸಿ ಚಹಾ ತರಿಸುತ್ತಾಳೆ. "ಹಿಂಗಾದ್ರ ಅಂಗಡಿ ಮುಚ್ಚೋದ" ಎಂದು ಗಂಡ ಗೊಣಗುತ್ತಾನೆ. ಚಹಾ ಹೇಳಿಬರಲು ಹೋಗುವವನೂ ಅವನೇ.

ಆ ದಶಕ ಮುಗಿಯುವ ಹೊತ್ತಿಗೆ ಒಮ್ಮೆ ನಾನು ಅಲ್ಲಿ ಹೋಗಿ ಕೂತಿದ್ದೆ. ಮೀಸೆ ಚಿಗುರುತ್ತಿದ್ದ ಒಬ್ಬ ಬಂದ. ಹೊಲ ಎಲ್ಲಿದೆ ಎಂದರೆ ಗೋಡೆ ನೋಡಿದ. ಮೊಮ್ಮಗಳು ದನಿ ಇಳಿಸಿ, ನೇರ ಅದನ್ನೇ ಕೇಳಿದಳು. ಅವನು, "ಹ್ಞೂಂ ಅಕ್ಕಾ, ಸತ್ತ ಹೋದ್ರ ಚಲೋ ಅನಸ್ತೈತಿ" ಎಂದ. ಯೂರಿಯಾಕ್ಕೆ ಬಂದಿದ್ದ ಹಿರಿಯರೊಬ್ಬರು ಹೌಹಾರಿ, "ಬಿಡ್ತು ಅನ್ನೋ ತಮ್ಮಾ!" ಎಂದರು.

"ಅನಬ್ಯಾಡ" ಎಂದಳು ಮೊಮ್ಮಗಳು. "ಕುಂದ್ರು. ಮುಂದ ಹೇಳು."

ನಾನು ಬೆಂಚಿನ ಮೇಲೆ ಸರಿದು ಅವನಿಗೆ ಜಾಗ ಕೊಟ್ಟೆ.