ರಜೆಗೆ ಕಾದ ಹಲ್ಲು

ಕಳೆದ ವಾರ ಮೈಸೂರಿನ ನಮ್ಮ ಬಡಾವಣೆಯ ದಂತವೈದ್ಯರಲ್ಲಿ, ಅರ್ಧ ಮುಖ ಮರಗಟ್ಟಿಸಿಕೊಂಡು ಬಾಯಿ ತೆರೆದು ಮಲಗಿದ್ದೆ. ಸಹಾಯಕಿ ಹುಡುಗಿ ಗಾಜಿನ ಬಿಲ್ಲೆಯ ಮೇಲೆ ಚಿಟಿಕೆ ಬಿಳಿ ಪುಡಿ ಸುರಿದು, ಎರಡು ಹನಿ ಎಣ್ಣೆ ಹಾಕಿ ಕಲಸತೊಡಗಿದಳು. ಲವಂಗದ ವಾಸನೆ. ಅಡುಗೆಮನೆಯ ಲವಂಗವಲ್ಲ, ಅದಕ್ಕಿಂತ ಖಾರ, ಸ್ವಲ್ಪ ಆಸ್ಪತ್ರೆ ಬೆರೆತದ್ದು. ಅದು ಮೂಗಿಗೆ ತಾಗಿದ್ದೇ ಹಳೆಯ ಕಿಟಕಿ ಏಸಿಯೊಂದರ ಗರಗರ ಕೇಳಿಸಿತು...

ಕೇಳಿಸಿತು ಎಂದು ಈಗ ಬರೆಯುತ್ತಿದ್ದೇನೆ. ಆಗಲೇ ಕೇಳಿಸಿತೋ, ಮನೆಗೆ ಬಂದ ಮೇಲೆ ನಾನೇ ಸೇರಿಸಿಕೊಂಡೆನೋ ಹೇಳಲಾರೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು; ಒಬ್ಬರೇ ಸಾಕ್ಷಿ ಹೇಳಿದ್ದನ್ನು ಪೂರ್ತಿ ನಂಬಬಾರದು ಎಂದು ಮೇಷ್ಟ್ರು ಕಲಿಸಿದ್ದರು. ನನ್ನ ನೆನಪಿನ ವಿಷಯದಲ್ಲಿ ಮಾತ್ರ ಆ ಪಾಠ ಮರೆತಿದ್ದೆ.

ಎಂಬತ್ತರ ದಶಕದ ನಡುವೆ ನಾವು ಒಮಾನಿಗೆ ಹೋದೆವು. ನನ್ನವರು ಒಂದು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ರಾಜಧಾನಿಯ ಅಂಚಿನ ವಾದಿ ಅದಾಯ್‌ನಲ್ಲಿ ಮೂರು ಮಹಡಿಯ ಕಟ್ಟಡ. ಕೆಳಗೆ ಕಾರಿನ ತಗಡು ಬಡಿಯುವ ವರ್ಕ್‌ಶಾಪುಗಳು, ಹಿಂದೆ ಬೋಳು ಗುಡ್ಡ. ಎದುರು ಬಾಗಿಲಿನಲ್ಲಿದ್ದವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಉಡುಪಿಯ ಕಡೆಯವರು, ಮನೆಮಾತು ತುಳು. ಹತ್ತಿರದ ರೂವಿಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ದಂತವೈದ್ಯರ ಸಹಾಯಕಿ. ಡಾಕ್ಟರ ಪಕ್ಕ ನಿಂತು ಸಲಕರಣೆ ಕೊಡುವುದು, ಉಗುಳು ಎಳೆಯುವ ಸಕ್ಷನ್ ಹಿಡಿಯುವುದು, ಹಲ್ಲು ತುಂಬುವ ಸಿಮೆಂಟು ಕಲಸುವುದು ಅವರ ಕೆಲಸ. ಗಂಡ ದೂರದ ಒಳನಾಡಿನ ಇಬ್ರಾದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಿದ್ದರು. ಅಲ್ಲಿ ವಾರದ ರಜೆ ಶುಕ್ರವಾರ; ಗುರುವಾರ ಬಂದು ಶುಕ್ರವಾರ ಸಂಜೆ ಹೊರಟುಬಿಡುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳು ಊರಿನಲ್ಲಿ ಅಜ್ಜಿಯ ಜೊತೆ.

ಕ್ಲಿನಿಕ್ಕು ಮಧ್ಯಾಹ್ನ ಒಂದಕ್ಕೆ ಮುಚ್ಚಿ ನಾಲ್ಕೂವರೆಗೆ ಮತ್ತೆ ತೆರೆಯುತ್ತಿತ್ತು. ನಡುವಿನ ಆ ಸುಡುವ ಹೊತ್ತು ಅಕ್ಕ ನನ್ನವರಾಗಿರುತ್ತಿದ್ದರು. ಬಿಳಿ ಕೋಟು ಕಳಚಿ ಕುರ್ಚಿಗೆ ನೇತುಹಾಕಿದರೆ ಕಿಟಕಿ ಏಸಿ ಗರಗರ ಎನ್ನುವ ನಮ್ಮ ಹಾಲ್ ತುಂಬ ಲವಂಗದೆಣ್ಣೆಯ ವಾಸನೆ. ಅವರಿಗೆ ಜನರ ಮುಖ ನೆನಪಿರುತ್ತಿರಲಿಲ್ಲ, ಹಲ್ಲು ನೆನಪಿರುತ್ತಿತ್ತು. ಯಾರ ಸುದ್ದಿ ಎತ್ತಿದರೂ, "ಯಾರು ಮಾರಾಯ್ತಿ? ಕೆಳಗಿನ ಎಡದವಡೆಯಲ್ಲಿ ಎರಡು ಬೆಳ್ಳಿ ಫಿಲ್ಲಿಂಗ್ ಉಂಟಲ್ಲ, ಅವರಾ?" ಎಂದು ಕೇಳುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಕಟ್ಟಡದ ಮಕ್ಕಳೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಕೂರಬೇಕು. ಅಕ್ಕ ಒಬ್ಬೊಬ್ಬರ ಬಾಯಿಗೂ ಒಂದೊಂದು ಕೆಂಪು ಮಾತ್ರೆ ಹಾಕುತ್ತಿದ್ದರು. ಅಗಿದರೆ ಹಲ್ಲಿನ ಮೇಲೆ ಕೊಳೆ ಉಳಿದ ಜಾಗವೆಲ್ಲ ಕೆಂಪಾಗಿ ಕಾಣುತ್ತದೆ. ಆರು ವರ್ಷದ ನನ್ನ ಮಗಳು "ಬಟ್ ಐ ಬ್ರಶ್ಡ್, ಆಂಟಿ!" ಎಂದು ಅಳುವುದಕ್ಕೆ ಶುರು. "ನೀನು ಬ್ರಶ್ ಮಾಡಿದ್ದು ಬ್ರಶ್ಶಿಗೆ ಗೊತ್ತು, ಹಲ್ಲಿಗೆ ಗೊತ್ತಿಲ್ಲ. ಯಲ್ಲಾ, ಇನ್ನೊಮ್ಮೆ!" ಹಿಂದಿನ ಹಲ್ಲಿಗೆ ಬ್ರಶ್ ಹೇಗೆ ಓರೆ ಹಿಡಿಯಬೇಕು, ಒಸಡಿನಿಂದ ಹಲ್ಲಿನ ಕಡೆಗೆ ಹೇಗೆ ಒರೆಸಬೇಕು ಎಂದು ಕೈ ಹಿಡಿದು ತೋರಿಸುತ್ತಿದ್ದರು. ನಮ್ಮ ಫ್ರಿಜ್ಜಿನಲ್ಲಿದ್ದ ಕಿತ್ತಳೆ ಪುಡಿಯ ಶರಬತ್ತಿನ ಜಗ್ಗನ್ನು ನನ್ನನ್ನು ಕೇಳದೆಯೇ ಸಿಂಕಿಗೆ ಸುರಿದ ದಿನವೂ ನೆನಪಿದೆ. ನನಗೆ ಕೋಪ ಬಂದಿತ್ತು. ಮಗಳಿಗೆ ನಾಲ್ಕು ಹೊಸ ದವಡೆ ಹಲ್ಲು ಬಂದಾಗ ತಾವೇ ಕರೆದುಕೊಂಡು ಹೋಗಿ, ಹಲ್ಲಿನ ಮೇಲಿನ ಸಣ್ಣ ಗೆರೆಗಳಲ್ಲಿ ತಿಂಡಿ ಸಿಕ್ಕಿಕೊಳ್ಳದಂತೆ ಡಾಕ್ಟರಿಂದ ತೆಳುವಾದ ಲೇಪ ಹಾಕಿಸಿದರು. ಆರು ತಿಂಗಳಿಗೊಮ್ಮೆ ಫ್ಲೋರೈಡ್ ಜೆಲ್ ಕೂಡ. ಮಗಳಿಗೀಗ ನಲವತ್ತು ದಾಟಿದೆ. ಆ ನಾಲ್ಕು ಹಲ್ಲುಗಳಿಗೆ ಇವತ್ತಿನವರೆಗೆ ಡ್ರಿಲ್ ತಾಗಿಲ್ಲ.

ದೊಡ್ಡವರದೇ ಕಷ್ಟ. ನಮ್ಮಲ್ಲಿ ಎಲ್ಲರ ಹಲ್ಲೂ ರಜೆಗೆ ಕಾಯುತ್ತಿದ್ದವು. ಎರಡು ವರ್ಷಕ್ಕೊಮ್ಮೆ ಊರಿಗೆ ರಜೆ. ಕಪಾಟಿನ ಬಾಗಿಲ ಒಳಗೆ ಎಲ್ಲರ ಮನೆಯಲ್ಲೂ ಒಂದು ಪಟ್ಟಿ ಅಂಟಿಸಿರುತ್ತಿತ್ತು: ಅತ್ತೆಗೆ ಸೀರೆ, ಮೈದುನನಿಗೆ ಟೇಪ್ ರೆಕಾರ್ಡರ್, ಹರಕೆ, ಬ್ಯಾಂಕು, ಕೊನೆಯಲ್ಲಿ "ಹಲ್ಲು". ಒಮಾನಿನಲ್ಲಿ ಡಾಕ್ಟರಿಲ್ಲವೆಂದಲ್ಲ. ಹಲ್ಲು ಕೀಳಿಸಿದರೂ ಕಟ್ಟಿಸಿದರೂ ಊರಿನಲ್ಲೇ, ನಮ್ಮ ಭಾಷೆ ಬಲ್ಲವರ ಕೈಯಲ್ಲೇ ಎಂಬ ಒಂದು ಹಟ. ಅಲ್ಲಿಯವರೆಗೆ ಇನ್ನೊಂದು ಕಡೆಯಿಂದ ಅಗಿಯುವುದು. ನಾನೂ ಒಂದು ತೂತು ಹಲ್ಲನ್ನು ಎಂಟು ತಿಂಗಳು ಹಾಗೇ ಸಾಕಿದ್ದೆ. ಗೊತ್ತಾದಾಗ ಅಕ್ಕ ಸೊಂಟಕ್ಕೆ ಕೈಯಿಟ್ಟು ನಿಂತರು. "ಹಲ್ಲಿಗೆ ಪಾಸ್‌ಪೋರ್ಟ್ ಇಲ್ಲ ಮಾರಾಯ್ತಿ. ಅದು ನಿನ್ನ ವಿಮಾನ ಕಾಯುವುದಿಲ್ಲ. ಇವತ್ತು ಬಂದರೆ ಫಿಲ್ಲಿಂಗ್, ರಜೆಗೆ ಕಾದರೆ ರೂಟ್ ಕೆನಾಲ್, ಇನ್ನೂ ಕಾದರೆ ಖಲಾಸ್, ಕೀಳುವುದೇ." ಅವತ್ತೇ ಸಂಜೆ ಹೋಗಿ ತುಂಬಿಸಿಕೊಂಡೆ.

ಹೀಗೆ ಹೇಳುತ್ತಿದ್ದ ಅಕ್ಕನ ಬಾಯಲ್ಲೇ ರಜೆಗೆ ಕಾಯುತ್ತಿದ್ದ ಒಂದು ಹಲ್ಲಿತ್ತು.

ಹಿಂದಿನ ರಜೆಯಲ್ಲಿ ಊರಿನಲ್ಲಿ ಅದಕ್ಕೆ ರೂಟ್ ಕೆನಾಲ್ ಮಾಡಿಸಿಕೊಂಡಿದ್ದರು. ಒಳಗಿನ ನರ ತೆಗೆದ ಹಲ್ಲು ಒಣಕಟ್ಟಿಗೆಯ ಹಾಗೆ; ಮೇಲೆ ಕ್ಯಾಪ್ ಕೂರಿಸದಿದ್ದರೆ ಒಡೆಯುತ್ತದೆ. ಅದಕ್ಕೆ ಇನ್ನೆರಡು ಸಲ ಹೋಗಬೇಕಿತ್ತು. ಅಷ್ಟರಲ್ಲಿ ಅತ್ತೆ ಆಸ್ಪತ್ರೆ ಸೇರಿ, ರಜೆ ಮುಗಿದು, ತಾತ್ಕಾಲಿಕ ಸಿಮೆಂಟಿನ ಮೇಲೇ ಮರಳಿ ಬಂದರು. ಒಂದು ದಿನ ನಮ್ಮ ಮನೆಯಲ್ಲೇ, ಖರ್ಜೂರ ತಿನ್ನುವಾಗ ಬೀಜ ಸಿಕ್ಕಿ ಹಲ್ಲಿನ ಒಳಗೋಡೆ ಒಡೆಯಿತು. ಟಕ್ ಎಂದ ಸದ್ದು ನನಗೂ ಕೇಳಿಸಿತು.

"ನಿಮ್ಮ ಡಾಕ್ಟರೇ ಇದ್ದಾರಲ್ಲ ಅಕ್ಕ," ಎಂದೆ.

"ನಾನು ಕುರ್ಚಿಯಲ್ಲಿ ಮಲಗಿದರೆ ಸಕ್ಷನ್ ಹಿಡಿಯುವುದು ಯಾರು, ನಿನ್ನ ಗಂಡನಾ?" ಎಂದು ನಕ್ಕರು. ಆಮೇಲೆ ಸಣ್ಣ ದನಿಯಲ್ಲಿ, "ದಿನಾ ಎದುರು ನಿಂತು ಕೆಲಸ ಮಾಡುವವರ ಮುಂದೆ ಬಾಯಿ ಬಿಡುವುದು ಹೇಗೆ, ನಾಚಿಕೆ ಆಗ್ತದೆ. ರಜೆ ಬಂತಲ್ಲ," ಎಂದರು.

ಅದಕ್ಕೆ ಅವರು ಕಂಡುಕೊಂಡ ಉಪಾಯ ಬೇರೆ. ಸಿಮೆಂಟಿನ ಪುಡಿ, ಎಣ್ಣೆಯ ಪುಟ್ಟ ಸೀಸೆ ತಂದಿಟ್ಟುಕೊಂಡರು. ಸಿಮೆಂಟು ಸವೆದಾಗಲೆಲ್ಲ ಮಧ್ಯಾಹ್ನ ನಮ್ಮ ಮನೆಯ ಕನ್ನಡಿಯ ಮುಂದೆ ಕೂತು, ತಾವೇ ಕಲಸಿ, ಬಾಯಿಯ ಸಣ್ಣ ಕನ್ನಡಿ ಹಿಡಿದು, ತಮ್ಮ ಹಲ್ಲನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಒಡೆದ ಅಂಚು ನಾಲಿಗೆಗೆ ಚುಚ್ಚುತ್ತಿತ್ತು. ಅದನ್ನು ಮರಳು ಕಾಗದದ ಸಣ್ಣ ಪಟ್ಟಿಯಿಂದ ತಿಕ್ಕಿ ನುಣುಪು ಮಾಡುತ್ತಿದ್ದರು. ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲುವುದು ನಾನು. ತಪ್ಪು ಕಡೆ ಬೆಳಕು ಬಿಟ್ಟರೆ ತುಂಬಿದ ಬಾಯಲ್ಲೇ "ಊಂ, ಊಂ" ಎಂದು ಗದರಿಕೆ. ಇಬ್ಬರಿಗೂ ನಗು ಬಂದು ಸಿಮೆಂಟು ಗಟ್ಟಿಯಾಗಿಹೋದ ದಿನಗಳೂ ಇವೆ. ನಿಜ ಹೇಳಬೇಕೆಂದರೆ ಆ ಮಧ್ಯಾಹ್ನಗಳಲ್ಲಿ ನಾನು ಸುಖವಾಗಿದ್ದೆ. ಅದನ್ನು ಬರೆಯಲು ಈಗ ಸಂಕೋಚವಾಗುತ್ತದೆ...

ರಜೆ ಬರುವ ಹೊತ್ತಿಗೆ ಕುವೈತಿನ ಯುದ್ಧದ ಗಲಾಟೆ ಶುರುವಾಯಿತು. ಊರಿಗೆ ಹೋದವರು ಮರಳಿ ಬರಲಾಗದೆ ಹೋದರೆ? ಎಲ್ಲರಿಗೂ ಅದೇ ಭಯ. ಅಕ್ಕ ರಜೆಯನ್ನು ಮುಂದಕ್ಕೆ ಹಾಕಿದರು. ಪಟ್ಟಿ ಕಪಾಟಿನ ಬಾಗಿಲಲ್ಲೇ ಹಳದಿಯಾಯಿತು.

ಇಲ್ಲಿಂದ ಮುಂದಿನದ್ದು ನನಗೆ ಬಹಳ ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದೆ. ಮೂವತ್ತು ವರ್ಷ ಅದನ್ನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಟಾರ್ಚಿನ ಬೆಳಕಿನಲ್ಲಿ ಅಕ್ಕನ ನಾಲಿಗೆಯ ಪಕ್ಕ, ಒಡೆದ ಹಲ್ಲು ತಾಗುವ ಕಡೆ, ಒಂದು ಬಿಳಿ ಮಚ್ಚೆಯಂಥ ಹುಣ್ಣು ಕಂಡಿತು. "ಇದೇನು ಅಕ್ಕ, ಡಾಕ್ಟರಿಗೆ ತೋರಿಸಿ," ಎಂದು ನಾನು ಹೇಳಿದೆ. ಅವರು, "ರಜೆಗೆ ಹೋದಾಗ ನೋಡಿದರಾಯಿತು," ಎಂದರು. ಎಷ್ಟು ಹೇಳಿದರೂ ಕೇಳಲಿಲ್ಲ. ನನ್ನ ಕಥೆಯಲ್ಲಿ ಹೀಗೆ.

ಕಳೆದ ವಾರ ಕ್ಲಿನಿಕ್ಕಿನಿಂದ ಬಂದವಳೇ ಅಟ್ಟದ ಪೆಟ್ಟಿಗೆಯಿಂದ ಆ ವರ್ಷದ ಡೈರಿ ತೆಗೆದೆ. ದಿನ ಹುಡುಕಲು ತಡವಾಗಲಿಲ್ಲ. ನನ್ನದೇ ಅಕ್ಷರ, ನೀಲಿ ಶಾಯಿ:

"ಮಧ್ಯಾಹ್ನ ಟಾರ್ಚ್ ಹಿಡಿದೆ. ನಾಲಿಗೆ ಪಕ್ಕ ಹುಣ್ಣು. ತಿಂಗಳಾಯಿತಂತೆ. ಡಾಕ್ಟರಿಗೆ ಹೇಳಲಾ ಎಂದು ಅಕ್ಕ ಕೇಳಿದರು. ಹಲ್ಲು ಚುಚ್ಚಿ ಆಗಿದೆ, ರಜೆಗೆ ಹೋದಾಗ ನೋಡಿದರಾಯಿತು ಬಿಡಿ ಅಂದೆ. ಅವರ ಮುಖ ಹಗುರಾಯಿತು. ಸಂಜೆ ಮಗಳ ಯೂನಿಫಾರ್ಮಿಗೆ ಗುಂಡಿ ಹಾಕಿದೆ."

ಎರಡು ಸಲ ಓದಿದೆ. ಮೂರನೆಯ ಸಲ ಓದಲಿಲ್ಲ.

ಎಲ್ಲರ ಬಾಯಿಯನ್ನೂ ನೋಡುತ್ತಿದ್ದ ಅಕ್ಕ, ತಮ್ಮ ಬಾಯಿಯ ಬಗ್ಗೆ ಒಬ್ಬರನ್ನು ಕೇಳಿದ್ದರು. ಎರಡು ವಾರದಲ್ಲಿ ಮಾಯದ ಹುಣ್ಣನ್ನು ತೋರಿಸಲೇಬೇಕು ಎಂದು ರೋಗಿಗಳಿಗೆ ಹೇಳುತ್ತಿದ್ದವರೇ ಅವರು. ಅವರಿಗೆ ತಿಳಿಯದ್ದಲ್ಲ. ಭಯವಾಗಿತ್ತು. ಭಯಕ್ಕೆ ನಾನು ರಜೆ ಕೊಟ್ಟೆ. ಹೋಗಿ ತೋರಿಸಿ ಎಂದು ನಾನು ಹೇಳಿದ್ದರೆ ಹೋಗುತ್ತಿದ್ದರೇ? ಬೇಗ ಹೋಗಿದ್ದರೆ ಉಳಿಯುತ್ತಿದ್ದರೇ? ಹಲ್ಲಿನಿಂದಲೇ ಕ್ಯಾನ್ಸರ್ ಆಯಿತೆಂದು ಯಾವ ಡಾಕ್ಟರೂ ಹೇಳಲಿಲ್ಲ. ಇವೆಲ್ಲ ನಾನು ನನ್ನ ಪರವಾಗಿ ಹೂಡುವ ವಾದಗಳು ಎಂಬುದೂ ನನಗೆ ಗೊತ್ತು.

ನಾಲ್ಕೈದು ತಿಂಗಳ ಮೇಲೆ, ಕ್ಲಿನಿಕ್ಕಿನಲ್ಲಿ ಅಕ್ಕನ ಮಾತು ತೊದಲುವುದನ್ನು ಕೇಳಿ ಡಾಕ್ಟರೇ ಗದರಿಸಿ ಕುರ್ಚಿಯಲ್ಲಿ ಮಲಗಿಸಿದರಂತೆ. ನೋಡಿದವರು ಕೈಗವಸು ತೆಗೆದು ಫೋನು ಎತ್ತಿದರಂತೆ. ದೊಡ್ಡಾಸ್ಪತ್ರೆ, ತುಣುಕು ತೆಗೆದು ಪರೀಕ್ಷೆ, ಆಮೇಲೆ ಅವಸರದ ಟಿಕೆಟ್ಟು. ಹೊರಡುವ ದಿನ ಇಬ್ರಾದಿಂದ ಬಂದ ಗಂಡ ಪೆಟ್ಟಿಗೆ ಕಟ್ಟುತ್ತಿದ್ದರೆ, ಅಕ್ಕ ನನ್ನ ಮಗಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಬಾಯಿ ತೆರೆಸಿ ನೋಡಿದರು. ಆ ಪುಟ್ಟ ಕನ್ನಡಿಯನ್ನು ನನ್ನ ಕೈಗಿಟ್ಟರು. "ಆರು ತಿಂಗಳಿಗೊಮ್ಮೆ ನೋಡು. ಲೇಪ ಎದ್ದಿದ್ದರೆ ಮತ್ತೆ ಹಾಕಿಸು." ಮಾತು ಆಗಲೇ ಸ್ಪಷ್ಟವಿರಲಿಲ್ಲ. "ರಜೆಗೆ ಹೊರಟೆ ಅಂತ ತಿಳ್ಕೋ ಮಾರಾಯ್ತಿ," ಎಂದರು.

ಆ ಕಾಲದಲ್ಲಿ ನಾವು ಕ್ಯಾಸೆಟ್ಟಿನಲ್ಲಿ ಮಾತಾಡುತ್ತಿದ್ದೆವು. ಫೋನು ದುಬಾರಿ, ಊರಿಗೆ ಹೋಗುವವರ ಕೈಯಲ್ಲಿ ಮಾತು ತುಂಬಿದ ಕ್ಯಾಸೆಟ್ಟು ಕಳಿಸಿದರೆ ಅವರು ಬರುವಾಗ ಉತ್ತರದ ಕ್ಯಾಸೆಟ್ಟು ತರುತ್ತಿದ್ದರು. ಹಿಂದಿನ ರಜೆಯಲ್ಲಿ ಅಕ್ಕ ಕಳಿಸಿದ್ದರಲ್ಲಿ ಅರ್ಧ ಬರೀ ಬೈಗುಳ, ಇನ್ನರ್ಧ ನಗು. ಈ ಸಲವೂ ನಾವು ಊರಿಗೆ ಹೊರಟ ಪರಿಚಿತರೊಬ್ಬರ ಕೈಯಲ್ಲಿ ಒಂದು ತುಂಬಿ ಕಳಿಸಿದೆವು. ಮಗಳು ಇಂಗ್ಲಿಷಿನಲ್ಲಿ ಹಾಡು ಹೇಳಿದಳು, ನಾನು ಕಟ್ಟಡದ ಸುದ್ದಿಯೆಲ್ಲ ಹೇಳಿದೆ. ಎರಡು ತಿಂಗಳ ಮೇಲೆ ಆ ಪರಿಚಿತರು ಮರಳಿದರು. ಕ್ಯಾಸೆಟ್ಟು ಇರಲಿಲ್ಲ. ಒಂದು ಕಾಗದ ಕೊಟ್ಟರು.

ಕಪಾಟಿನ ಪಟ್ಟಿಯಲ್ಲಿ ಬಿಟ್ಟರೆ ಅಕ್ಕನ ಅಕ್ಷರವನ್ನು ನಾನು ಅದುವರೆಗೆ ನೋಡಿರಲಿಲ್ಲ. ದುಂಡಗೆ, ಶಾಲೆಯ ಹುಡುಗಿಯ ಅಕ್ಷರ. ಅರ್ಧ ಪುಟ. ಆಪರೇಷನ್ ಆಯಿತು, ಗಂಜಿ ಕುಡಿಯುತ್ತೇನೆ, ಮಕ್ಕಳು ಹತ್ತಿರ ಇದ್ದಾರೆ. ನಿನ್ನ ಮಗಳು ರಾತ್ರಿ ಬ್ರಶ್ ಮಾಡುತ್ತಾಳಾ? ನಿನ್ನ ಕ್ಯಾಸೆಟ್ಟು ದಿನಾ ಕೇಳುತ್ತೇನೆ... ಮಾತಾಡಲು ಬರುವುದಿಲ್ಲ ಎಂದು ಎಲ್ಲೂ ಬರೆದಿರಲಿಲ್ಲ. ಕಾಗದ ಹಿಡಿದುಕೊಂಡು ನಾನು ಅದೇ ಕನ್ನಡಿಯ ಮುಂದೆ ಕೂತೆ.

ಮರುವರ್ಷ ಅವರ ಗಂಡ ಇಬ್ರಾದ ಅಂಗಡಿಯ ಲೆಕ್ಕ ಮುಗಿಸಿ ವೀಸಾ ರದ್ದು ಮಾಡಿಸಲು ಒಬ್ಬರೇ ಬಂದರು. ಎದುರು ಮನೆಯ ಬೀಗ ತೆಗೆಯುವ ಮುಂಚೆ ನಮ್ಮ ಬಾಗಿಲು ತಟ್ಟಿದರು. ನಾವು ಕಳಿಸಿದ್ದ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟು, ಕೊನೆಯ ದಿನದವರೆಗೂ ಕೇಳುತ್ತಿದ್ದಳು ಎಂದರು.

ಇವತ್ತು ಮೈಸೂರಿನ ಆ ದಂತವೈದ್ಯರಲ್ಲಿ ನನ್ನ ಎರಡನೆಯ ಸರದಿ. ತಾತ್ಕಾಲಿಕ ಸಿಮೆಂಟು ತೆಗೆದು ಕ್ಯಾಪಿಗೆ ಅಳತೆ ತೆಗೆಯಬೇಕು. ಇಂಜೆಕ್ಷನ್ ಕೊಟ್ಟು ಡಾಕ್ಟರು ಫೋನಿಗೆಂದು ಹೊರಗೆ ಹೋದರು. ಸಹಾಯಕಿ ಹುಡುಗಿ ಸಲಕರಣೆ ಜೋಡಿಸುತ್ತಾ ಮಾಸ್ಕಿನ ಮೇಲಿಂದಲೇ ಎಡಗೆನ್ನೆಯನ್ನು ಒತ್ತಿ ಹಿಡಿದುಕೊಳ್ಳುವುದು ಕಂಡಿತು.

"ಹಲ್ಲುನೋವೇನಮ್ಮ?"

"ಹೂಂ ಆಂಟಿ, ಒಂದು ತಿಂಗಳಿಂದ. ಹಬ್ಬಕ್ಕೆ ಊರಿಗೆ ಹೋದಾಗ ತೋರಿಸ್ತೀನಿ."

ನನ್ನ ನಾಲಿಗೆ ಅರ್ಧ ಮರಗಟ್ಟಿತ್ತು. ಮಾತು ಮಾತಾಗಿ ಬರುತ್ತಿರಲಿಲ್ಲ. ಆದರೂ ಎದ್ದು ಕೂತೆ, ಅವಳ ಕೈ ಹಿಡಿದೆ, ಹಬ್ಬದವರೆಗೆ ಕಾಯಬೇಡ ಎಂದೆ. ಇವತ್ತೇ, ಈ ಕುರ್ಚಿಯಲ್ಲೇ, ನನ್ನದಾದ ಮೇಲೆ ತೋರಿಸು ಎಂದೆ. ಜೊಲ್ಲು ಸುರಿಯಿತು. ಹುಡುಗಿ ಗಾಬರಿಯಾಗಿ, "ನೋವಾಯ್ತಾ ಆಂಟಿ?" ಎಂದು ಕರವಸ್ತ್ರ ಕೊಟ್ಟಳು. ಅರ್ಥವಾಯಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. ಡಾಕ್ಟರು ಒಳಗೆ ಬಂದಾಗ ಅವರಿಗೂ ಹೇಳಿದೆ.

ಏನು ಹೇಳಿದೆ ಎಂಬುದನ್ನು ಈ ಸಲ ಮನೆಗೆ ಬಂದ ಕೂಡಲೇ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಅಕ್ಕನಿಗೆ ಹೇಳಬೇಕಾಗಿದ್ದದ್ದು ಅದು. ಅವರಿಗೆ ಹೇಳುವ ಹೊತ್ತಿನಲ್ಲಿ ನನ್ನ ನಾಲಿಗೆ ಸರಿಯಾಗಿಯೇ ಇತ್ತು.