ಸಾಯೊ ಆಂಟಿಯ ಮೂರನೆಯ ಕಾದಂಬರಿ

ಊಟದ ಮೇಜಿನ ಆಚೆ ತುದಿಯಲ್ಲಿ ಮಗಳು ಜಪಾನಿ ಕಾದಂಬರಿಯೊಂದನ್ನು ಪೆನ್ಸಿಲ್ ಹಿಡಿದು ಓದುತ್ತಿದ್ದಾಳೆ. ಈಚೆ ನಾನು ಮೆಂತ್ಯದ ಸೊಪ್ಪು ಬಿಡಿಸುವ ನೆಪದಲ್ಲಿ ಅವಳ ಮುಖ ನೋಡುತ್ತಾ ಕೂತಿದ್ದೇನೆ. ಒಂದು ಪುಟಕ್ಕೆ ಅರ್ಧ ಗಂಟೆ ಬೇಕು ಅವಳಿಗೆ. ಮೊದಲ ಅಧ್ಯಾಯ ಮುಗಿಯಲು ಇನ್ನು ಎರಡೇ ಪುಟ. ನನಗೆ ಆ ಭಾಷೆಯ ಒಂದಕ್ಷರವೂ ಬರದು. ಆದರೆ ಅಲ್ಲಿ ಏನಿದೆ ಎಂಬುದು ಗೊತ್ತು, ಹೇಳಿದವಳು ನಾನೇ.

ಬರೆದವರು ಸಾಯೊ ಆಂಟಿ, ಸಿಡ್ನಿಯ ಹೊಸ ಬಡಾವಣೆ ದಿ ಪಾಂಡ್ಸ್‌ನಲ್ಲಿ ಆಗ ನಮ್ಮ ಪಕ್ಕದ ಮನೆಯವರು. ಹರೆಯದಲ್ಲಿ, ಟೋಕಿಯೋದಲ್ಲಿದ್ದಾಗ, ಎರಡು ದೆವ್ವದ ಕಾದಂಬರಿ ಬರೆದು ಹೆಸರು ಮಾಡಿದ್ದರಂತೆ. ಗಂಡನ ಕೆಲಸಕ್ಕೆಂದು ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಹನ್ನೊಂದು ವರ್ಷ ಒಂದು ಸಾಲೂ ಹುಟ್ಟಿರಲಿಲ್ಲ. "ಈ ಸಬರ್ಬಿನಲ್ಲಿ ಇನ್ನೂ ಯಾರೂ ಸತ್ತೇ ಇಲ್ಲ. ದೆವ್ವ ಎಲ್ಲಿಂದ ಬರಬೇಕು?" ಎಂದು ಹರುಕು ಮುರುಕು ಇಂಗ್ಲಿಷಿನಲ್ಲಿ ಕೊರಗುತ್ತಿದ್ದರು. ನನ್ನದೇನು ಮಹಾ ಇಂಗ್ಲಿಷು, ಧಾರವಾಡದ್ದು. ಇಬ್ಬರಿಗೂ ಚೆನ್ನಾಗಿ ಹೊಂದಿತು. ಚಹಾ ಕುಡಿಯುವಾಗೆಲ್ಲ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ನಿನಗೆ ಯಾವುದರ ಭಯ?

ಜಿರಲೆ, ಅತ್ತೆ, ಇಲ್ಲೇ ಕಾಯಂ ಉಳಿಯಲು ಹಾಕಿದ್ದ ಪಿಆರ್ ಅರ್ಜಿ ಎಂದು ಜಾರಿಕೊಳ್ಳುತ್ತಿದ್ದೆ. ಒಂದು ದಿನ ಬಾಯಿ ಬಿಟ್ಟೆ. ನಾಲ್ಕು ವರ್ಷದ ಮಗಳು ಕಾರಿನಲ್ಲಿ ನಿದ್ದೆ ಹೋಗಿದ್ದಳು. ಆಫೀಸಿನ ಫೋನು ಬಂತು. ಮಾತಾಡುತ್ತಾ ಮನೆಯೊಳಗೆ ಹೋದೆ, ಅವಳನ್ನು ಮರೆತೆ. ಜನವರಿಯ ಮಧ್ಯಾಹ್ನ, ಇಪ್ಪತ್ತು ನಿಮಿಷ. ಇಲ್ಲಿ ಜನವರಿ ಎಂದರೆ ಕಡುಬೇಸಿಗೆ, ನೆನಪಿರಲಿ. ಪುಣ್ಯಕ್ಕೆ ಮಗಳಿಗೆ ಏನೂ ಆಗಲಿಲ್ಲ. ಗಂಡನಿಗೆ ಇವತ್ತಿಗೂ ಹೇಳಿಲ್ಲ.

ಸಾಯೊ ಆಂಟಿ ಸಮಾಧಾನ ಮಾಡಲಿಲ್ಲ. "ಇದನ್ನು ಬರೆಯಲೇ?" ಎಂದರು. ಜಪಾನಿಯಲ್ಲಿ ತಾನೇ, ನಮ್ಮವರು ಯಾರು ಓದುತ್ತಾರೆ ಎಂದುಕೊಂಡು ಹೂಂ ಎಂದೆ. ಎಂಥ ಜಾಣೆ ನಾನು. ಮೊದಲ ಅಧ್ಯಾಯ ಪೂರ್ತಿ ನಿನ್ನದೇ ಎಂದು ಆಮೇಲೆ ಹೇಳಿದರು. ಆ ಪುಸ್ತಕದಿಂದ ಅವರ ದೆಸೆ ತಿರುಗಿತು; ಟೋಕಿಯೋಗೆ ಮರಳಿ ವರ್ಷಕ್ಕೊಂದರಂತೆ ಬರೆದರು. ನಾವು ಮೆಲ್ಬರ್ನಿನ ಕ್ಲೈಡ್ ನಾರ್ತಿಗೆ ಬಂದೆವು. ಇಲ್ಲಿನ ಶಾಲೆಯಲ್ಲಿ ಮಗಳು ಆಂಟಿಯ ಮೇಲಿನ ಪ್ರೀತಿಗೆ ಜಪಾನಿ ಭಾಷೆಯನ್ನೇ ಆರಿಸಿಕೊಂಡಳು. ಹೋದ ವಾರ ಈ ಪುಸ್ತಕವನ್ನೂ ತರಿಸಿಕೊಂಡಳು.

ಈಗ ಪೆನ್ಸಿಲ್ ಕೆಳಗಿಟ್ಟಳು.

"ಅಮ್ಮಾ, ಈ ಹುಡುಗಿ ನಾನಾ?" ಸದಾ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಕನ್ನಡದಲ್ಲಿ ಕೇಳಿದಳು.

ಕಾದಂಬರಿ ಎಂದರೆ ಎಲ್ಲ ಕಟ್ಟುಕಥೆ ಎನ್ನಬಹುದಿತ್ತು. ಸೊಪ್ಪನ್ನು ಪಕ್ಕಕ್ಕೆ ಸರಿಸಿದೆ. "ಹೌದವ್ವಾ, ನೀನ. ನಿನ್ನ ಮರತಿದ್ದೆ ನಾ."

"ಐ ನೋ. ನನಗ ಎಚ್ಚರ ಇತ್ತು. ನೀ ಬರಿಗಾಲಾಗ ಓಡಿ ಬಂದಿ."

"ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ನೀ ಅಳಾಕತ್ತಿದ್ದಿ ಅಮ್ಮಾ."

ಸಂಜೆ ಅವಳ ಅಪ್ಪ ಬರುತ್ತಾರೆ. ಇವತ್ತು ಹೇಳಿಬಿಡುತ್ತೇನೆ. ಹೇಳುವಾಗ ಪಕ್ಕದಲ್ಲಿ ಕೂರುತ್ತೇನೆ ಎಂದಿದ್ದಾಳೆ ಮಗಳು.